ಸಾಲವಿಲ್ಲದ ಕ್ರಿಸ್‌ಮಸ್: ನಕ್ಷತ್ರ, ಗೋದಲಿ, ಕೇಕು ಎಲ್ಲಾ ಮನೆಯಲ್ಲೇ



ನಮ್ಮ ಬಿಕ್ಕೋಡು ಕಡೆ ಕ್ರಿಸ್‌ಮಸ್ ಬರುವುದೇ ಕಾಫಿ ಕುಯ್ಲಿನ ಜೊತೆಯಲ್ಲಿ. ಬೆಳಗ್ಗೆ ಮಂಜಿನಲ್ಲಿ ತೋಟಕ್ಕೆ ಹೋದರೆ ಬರುವುದು ಸಂಜೆ. ಮೈಕೈ ನೋವು, ಬೆರಳೆಲ್ಲಾ ಕಾಫಿ ಹಣ್ಣಿನ ಅಂಟು. ಅಷ್ಟರಲ್ಲಿ ಮಕ್ಕಳು ಶುರು ಮಾಡುತ್ತವೆ: "ಅಮ್ಮಾ, ಪಕ್ಕದ ಮನೇಲಿ ನಕ್ಷತ್ರ ಹಾಕಿದ್ರು, ನಮ್ಮನೇಗೆ ಯಾವಾಗ?" ಆಗ ನಾವು ಏನು ಮಾಡುತ್ತೇವೆ? ಬಟವಾಡೆ ದುಡ್ಡು ಸಾಲುವುದಿಲ್ಲ, ಯಾರ ಹತ್ತಿರವೋ ಕೈ ಒಡ್ಡುತ್ತೇವೆ.

ನಾನೂ ಒಂದು ವರ್ಷ ಹಾಗೇ ಮಾಡಿದ್ದೆ. ನೂರಕ್ಕೆ ಐದು ರೂಪಾಯಿ ಬಡ್ಡಿಗೆ 6,000 ರೂ. ಸಾಲ ತಂದು ನಕ್ಷತ್ರ, ಬಣ್ಣದ ಲೈಟು, ಪ್ಲಾಸ್ಟಿಕ್ ಮರ, ಬೇಕರಿ ಕೇಕು ಎಲ್ಲಾ ಕೊಂಡೆ. ಹಬ್ಬ ಮೂರು ದಿನ ಜೋರಾಗಿ ಆಯ್ತು. ಬಡ್ಡಿ ಮಾತ್ರ ತಿಂಗಳಿಗೆ 300 ರೂ. ನಾಲ್ಕು ತಿಂಗಳಿಗೆ 1,200 ಕಟ್ಟಿದೆ, ಈಸ್ಟರ್ ಬಂದರೂ ಅಸಲು ಹಾಗೇ ಇತ್ತು. ನಕ್ಷತ್ರ ಆ ಹೊತ್ತಿಗೆ ಹರಿದು ಹಿತ್ತಲಲ್ಲಿ ಬಿದ್ದಿತ್ತು. ಅವತ್ತು ಅಂದುಕೊಂಡೆ, ಇನ್ನು ಮೇಲೆ ಹಬ್ಬವನ್ನು ಕೊಂಡು ತರುವುದಿಲ್ಲ, ಮಾಡಿಯೇ ಮಾಡುತ್ತೇನೆ ಅಂತ.

ನಮ್ಮ ಸಂಘಗಳಲ್ಲಿ ಎಲ್ಲಾ ಜಾತಿ ಧರ್ಮದವರೂ ಇದ್ದಾರೆ. ಈ ಲೇಖನ ಕ್ರೈಸ್ತ ಸಹೋದರಿಯರಿಗೆ ಮಾತ್ರ ಅಂತ ದಯವಿಟ್ಟು ತಿಳಿಯಬೇಡಿ. ಹಬ್ಬ ಯಾರದೇ ಆಗಲಿ, ಸಾಲದ ಬಡ್ಡಿ ಎಲ್ಲರಿಗೂ ಒಂದೇ. ಕೈಕೆಲಸ ಕಲಿತರೆ ದೀಪಾವಳಿಗೂ ಆಗುತ್ತದೆ, ರಂಜಾನ್‌ಗೂ ಆಗುತ್ತದೆ.

ಮೊದಲ ಗೋದಲಿ ಬಡವರದ್ದೇ

ಗೋದಲಿ ಮಾಡುವ ಪದ್ಧತಿಯನ್ನು ಬೆಳೆಸಿದವರು ಅಸ್ಸಿಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಚಿಕ್ಕ ಊರಿನಲ್ಲಿ ಅವರು ಬಳಸಿದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ ಅಷ್ಟೇ. ಬೆಲೆ ಬಾಳುವ ಬೊಂಬೆ ಇರಲಿಲ್ಲ, ಬಣ್ಣದ ಲೈಟು ಇರಲಿಲ್ಲ. 2023ಕ್ಕೆ ಇದಕ್ಕೆ 800 ವರ್ಷ ತುಂಬಿತು. ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಹಬ್ಬಕ್ಕೆ ಕೊಟ್ಟಿಗೆಯ ಸಾಮಾನೇ ಸಾಕು ಎನ್ನುವುದು ಇದರ ಅರ್ಥ.

ಕೇಕಿನ ಕತೆಯೂ ಹಾಗೇ. ನಮ್ಮ ದೇಶದ ಮೊದಲ ಕ್ರಿಸ್‌ಮಸ್ ಕೇಕು 1883ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು ಮಾಡಿದ್ದು ಎಂದು ಹೇಳುತ್ತಾರೆ. ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನ ಕೇಕು ತೋರಿಸಿ ಇಂಥದ್ದೇ ಮಾಡಿಕೊಡು ಅಂದನಂತೆ. ಬಾಪು ತನ್ನ ಊರಿನ ಕಡೆ ಸಿಕ್ಕಿದ ಸಾಮಾನನ್ನೂ ಬಳಸಿ ಮಾಡಿ ತೋರಿಸಿದರಂತೆ. ನಮ್ಮ ತೋಟಗಳಲ್ಲಿ ಏನು ಕಡಿಮೆ ಇದೆ? ಏಲಕ್ಕಿ, ಮೆಣಸು, ಕಿತ್ತಳೆ ಎಲ್ಲಾ ಇದೆ. ಹಿತ್ತಲಿನಲ್ಲಿ ಪಪ್ಪಾಯಿ, ಬೀಟ್‌ರೂಟ್ ಬೆಳೆಯಬಹುದು.

ನಾಲ್ಕು ವಾರದ ಯೋಜನೆ

ಎಲ್ಲಾ ಕೆಲಸ ಕೊನೆಯ ಎರಡು ದಿನಕ್ಕೆ ಇಟ್ಟುಕೊಂಡರೆ ಸುಸ್ತಾಗಿ ಅಂಗಡಿಗೇ ಓಡುತ್ತೇವೆ. ಹಬ್ಬಕ್ಕೆ ಮುಂಚೆ ಆಗಮನ ಕಾಲದ ನಾಲ್ಕು ಭಾನುವಾರ ಇವೆಯಲ್ಲ, ಅದನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ದಿನಕ್ಕೆ ಒಂದೇ ಗಂಟೆ ಸಾಕು.

1. ಮೊದಲ ವಾರ: ಬಿದಿರು ಕಡ್ಡಿ ಸೀಳಿ ಒಣಗಿಸುವುದು, ಪಪ್ಪಾಯಿ ಟೂಟಿ ಫ್ರೂಟಿ ಮಾಡುವುದು, ಕಿತ್ತಳೆ ಸಿಪ್ಪೆ ಒಣಗಿಸುವುದು.

2. ಎರಡನೇ ವಾರ: ನಕ್ಷತ್ರ ಕಟ್ಟುವುದು, ಒಣಹಣ್ಣು ನೆನೆ ಹಾಕುವುದು.

3. ಮೂರನೇ ವಾರ: ಗೋದಲಿಗೆ ರಾಗಿ ಬಿತ್ತುವುದು, ಮರದ ಅಲಂಕಾರ, ಕೇಕು ಬೇಯಿಸುವುದು.

4. ಕೊನೆಯ ವಾರ: ಕರಿದ ತಿಂಡಿ, ಗೋದಲಿ ಜೋಡಿಸುವುದು, ಹಂಚುವುದು.

ಒಂದು ಮಾತು. ಹಬ್ಬದ ಕೆಲಸ ಎಲ್ಲಾ ಹೆಂಗಸರದ್ದೇ ಅಂತ ಎಲ್ಲೂ ಬರೆದಿಲ್ಲ. ಬಿದಿರು ಸೀಳುವುದು, ಲೈಟಿನ ವೈರು ನೋಡುವುದು, ಗೋದಲಿ ಕಟ್ಟುವುದು ಗಂಡಸರಿಗೆ ಮತ್ತು ಮಕ್ಕಳಿಗೆ ಬಿಡಿ. ಅವರು ಮಾಡಿದ್ದು ಸ್ವಲ್ಪ ಸೊಟ್ಟ ಆದರೂ ಪರವಾಗಿಲ್ಲ.

ನಕ್ಷತ್ರ ಮಾಡುವ ವಿಧಾನ

ಬೇಕಾಗುವುದು: ಎರಡೂವರೆ ಅಡಿ ಉದ್ದದ ತೆಳು ಬಿದಿರು ಕಡ್ಡಿ 10, ಅರ್ಧ ಅಡಿಯ ತುಂಡು ಕಡ್ಡಿ 5, ದಾರ, ಗಾಳಿಪಟದ ಬಣ್ಣದ ಕಾಗದ, ಮೈದಾ ಅಂಟು.

ಐದು ಉದ್ದ ಕಡ್ಡಿಗಳನ್ನು ಐದು ಮೂಲೆಯ ನಕ್ಷತ್ರದ ಹಾಗೆ ಒಂದರ ಮೇಲೊಂದು ಜೋಡಿಸಿ ತುದಿಗಳನ್ನು ಬಿಗಿಯಾಗಿ ಕಟ್ಟಿ. ಇನ್ನೊಂದು ಐದರಲ್ಲಿ ಇಂಥದ್ದೇ ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನು ಸೇರಿಸಿ ಕಟ್ಟಿ. ಈಗ ಒಳಗೆ ಕಡ್ಡಿಗಳು ಅಡ್ಡ ಹಾಯುವ ಐದು ಜಾಗ ಇರುತ್ತದೆ. ಅಲ್ಲಿ ಎರಡು ನಕ್ಷತ್ರದ ನಡುವೆ ತುಂಡು ಕಡ್ಡಿ ನಿಲ್ಲಿಸಿ ಕಟ್ಟಿದರೆ ನಕ್ಷತ್ರ ಹೊಟ್ಟೆ ಉಬ್ಬಿ ನಿಲ್ಲುತ್ತದೆ. ಮೇಲೆ ಕಾಗದ ಅಂಟಿಸಿ. ಬಲ್ಬು ಇಡಲು ಹಿಂದೆ ಒಂದು ಕಡೆ ಬಾಗಿಲಿನ ಹಾಗೆ ಬಿಡಿ.

ಇದರ ಲಾಭ ಏನೆಂದರೆ ಕಾಗದ ಹರಿದರೂ ಚೌಕಟ್ಟು ಹಾಳಾಗುವುದಿಲ್ಲ. ಅಟ್ಟದಲ್ಲಿ ಬೆಚ್ಚಗೆ ಇಟ್ಟರೆ ಮುಂದಿನ ವರ್ಷ ಕಾಗದ ಮಾತ್ರ ಹೊಸದು ಹಾಕಿದರೆ ಆಯ್ತು. ನಮ್ಮ ಕಡೆ ಡಿಸೆಂಬರ್ ಮಂಜಿಗೆ ಕಾಗದ ಒಂದೇ ರಾತ್ರಿಗೆ ಜೋತು ಬೀಳುತ್ತದೆ. ಅದಕ್ಕೇ ಬಯಲಲ್ಲಿ ಬೇಡ, ಸೂರಿನ ಕೆಳಗೆ ನೇತು ಹಾಕಿ.

ಎಚ್ಚರಿಕೆ: ಒಳಗೆ 3 ಅಥವಾ 5 ವ್ಯಾಟಿನ ಎಲ್‌ಇಡಿ ಬಲ್ಬು ಮಾತ್ರ ಹಾಕಿ. ಹಳೆಯ ಕಾಲದ 60 ವ್ಯಾಟ್ ಬಲ್ಬು ಕೆಂಡದ ಹಾಗೆ ಬಿಸಿಯಾಗುತ್ತದೆ, ಕಾಗದಕ್ಕೆ ತಾಗಿದರೆ ಬೆಂಕಿಯೇ. ವೈರಿನ ಜೋಡಣೆ ಬರಿದಾಗಿ ಬಿಡಬೇಡಿ, ಇನ್ಸುಲೇಶನ್ ಟೇಪು ಸುತ್ತಿಸಿ. ಮಲಗುವಾಗ ಸ್ವಿಚ್ ಆರಿಸಿ.

ಗೋದಲಿ ಮತ್ತು ಮರ

ಥರ್ಮಾಕೋಲ್ ತರಬೇಡಿ. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧವಾಗಿದೆ. ಅದು ಕೊಳೆಯುವುದಿಲ್ಲ, ಸುಟ್ಟರೆ ವಿಷದ ಹೊಗೆ.

ಬೆಟ್ಟ ಮಾಡಲು ಹಳೇ ಗೋಣಿಚೀಲ ಸಾಕು. ಕೆಂಪು ಮಣ್ಣನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಚೀಲವನ್ನು ಅದ್ದಿ, ಕೆಳಗೆ ಡಬ್ಬ ಕಲ್ಲು ಇಟ್ಟು ಅದರ ಮೇಲೆ ಹೊದಿಸಿ ಒಣಗಲು ಬಿಡಿ. ಒಣಗಿದ ಮೇಲೆ ಬಂಡೆಯ ಹಾಗೇ ನಿಲ್ಲುತ್ತದೆ. ಹಬ್ಬಕ್ಕೆ ಎಂಟು ಹತ್ತು ದಿನ ಇರುವಾಗ ತೆಂಗಿನ ಚಿಪ್ಪಿನಲ್ಲಿ ಮಣ್ಣು ಹಾಕಿ ರಾಗಿ ಅಥವಾ ಸಾಸಿವೆ ಬಿತ್ತಿ. ದಿನಾ ಸ್ವಲ್ಪ ನೀರು ಚಿಮುಕಿಸಿದರೆ 24ನೇ ತಾರೀಖಿಗೆ ಹಸಿರು ಗದ್ದೆ ತಯಾರು. ಬಿತ್ತುವ ಕೆಲಸ ಮಕ್ಕಳಿಗೆ ಕೊಡಿ. ಮೊಳಕೆ ಬಂತಾ ಅಂತ ಅವರು ದಿನಾ ಎದ್ದು ನೋಡುವುದೇ ಒಂದು ಹಬ್ಬ. ಕೊಟ್ಟಿಗೆಯ ಸೂರಿಗೆ ಹೊಸ ಭತ್ತದ ಹುಲ್ಲು. ಬೊಂಬೆ ಇಲ್ಲದಿದ್ದರೆ ಟೈಲರ್ ಅಂಗಡಿಯ ಚಿಂದಿ ಬಟ್ಟೆ ಸುತ್ತಿ ಮಾಡಿ. ಹುಲ್ಲಿನ ಹತ್ತಿರ ಮೇಣದ ಬತ್ತಿ ಮಾತ್ರ ಬೇಡವೇ ಬೇಡ.

ಮರಕ್ಕೆ ಗಿಡ ಕಡಿಯುವ ಅಗತ್ಯ ಇಲ್ಲ. ಕಿತ್ತು ಹಾಕಿದ ಹಳೇ ಕಾಫಿ ಗಿಡ ನೋಡಿದ್ದೀರಲ್ಲ, ಅದರ ಕೊಂಬೆಗಳು ಎರಡೂ ಕಡೆ ಎಷ್ಟು ಚೆಂದ ಹರಡಿರುತ್ತವೆ! ತೋಟದ ಯಜಮಾನರನ್ನು ಕೇಳಿ ಒಂದು ತನ್ನಿ. ಎಲೆ ಉದುರಿಸಿ, ಸುಣ್ಣ ಬಳಿದು, ಡಬ್ಬದಲ್ಲಿ ಕಲ್ಲು ತುಂಬಿಸಿ ನಿಲ್ಲಿಸಿ. ಸಿಲ್ವರ್ ಓಕ್ ಎಲೆಯ ಹಿಂಭಾಗ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಅದನ್ನೇ ಮಗುಚಿ ಪೋಣಿಸಿದರೆ ಅಂಗಡಿಯ ಜರಿ ಹಾರ ಯಾಕೆ? ಅಡಿಕೆ ಹಾಳೆಯನ್ನು ನೆನೆಸಿ ಗಂಟೆ, ನಕ್ಷತ್ರ ಕತ್ತರಿಸಬಹುದು. ಕೇಕಿಗೆ ಮೊಟ್ಟೆ ಒಡೆಯುವಾಗ ತುದಿಯಲ್ಲಿ ಸಣ್ಣ ತೂತು ಮಾಡಿ ಸುರಿದರೆ ಖಾಲಿ ಚಿಪ್ಪು ಬಣ್ಣ ಬಳಿಯಲು ಸಿಗುತ್ತದೆ.

ಇಲ್ಲಿ ಒಂದು ಮುಖ್ಯ ಮಾತು. ಪಾಚಿ, ಹುಲ್ಲು, ಕೊಂಬೆ ಅಂತ ಮಕ್ಕಳನ್ನು ತೋಟ ಕಾಡಿಗೆ ಕಳಿಸಬೇಡಿ. ನಮ್ಮ ಬಿಕ್ಕೋಡು, ಅರೇಹಳ್ಳಿ ಸುತ್ತ ಕಾಡಾನೆ ಎಷ್ಟು ಹೊತ್ತಿಗೆ ಎಲ್ಲಿ ನಿಂತಿರುತ್ತದೆ ಹೇಳಲಾಗುವುದಿಲ್ಲ. ಕಾಫಿ ಗಿಡದ ಮರೆಯಲ್ಲಿ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ಬೆಳಕು ಚೆನ್ನಾಗಿ ಹರಿದ ಮೇಲೆ ದೊಡ್ಡವರು ಇಬ್ಬರು ಮೂವರು ಸೇರಿ ಹೋಗಿ ಬೇಗ ಬನ್ನಿ. ಕ್ಯಾರಲ್ ಹಾಡಲು ಹೋಗುವ ಮಕ್ಕಳೂ ಕತ್ತಲಲ್ಲಿ ತೋಟದ ಒಳದಾರಿ ಹಿಡಿಯಬಾರದು. ಅರಣ್ಯ ಇಲಾಖೆಯವರ ಆನೆ ಸುದ್ದಿ ಕೇಳಿಕೊಂಡು, ದೊಡ್ಡವರ ಜೊತೆ, ಗಾಡಿಯಲ್ಲೇ ಹೋಗಲಿ. ಒಂದು ಹಾಡು ಕಡಿಮೆ ಆದರೂ ಚಿಂತೆ ಇಲ್ಲ.

ಓವನ್ ಇಲ್ಲದೆ ಕೇಕು

ಮೊದಲು ಟೂಟಿ ಫ್ರೂಟಿ. ಅಂಗಡಿಯಲ್ಲಿ ಬಣ್ಣ ಬಣ್ಣದ ಚೂರು ಸಿಗುತ್ತದಲ್ಲ, ಅದು ಹೆಚ್ಚಾಗಿ ಪಪ್ಪಾಯಿ ಕಾಯಿಯೇ! 1 ಕಿಲೋ ಪಪ್ಪಾಯಿ ಕಾಯಿಯನ್ನು ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಕುದಿಯುವ ನೀರಿನಲ್ಲಿ ಐದಾರು ನಿಮಿಷ ಬೇಯಿಸಿ ಸೋಸಿ. ಅರ್ಧ ಕಿಲೋ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಪಾಕ ಮಾಡಿ, ಚೂರು ಹಾಕಿ, ಪಾಕ ಅಂಟು ಬರುವ ತನಕ ಸಣ್ಣ ಉರಿಯಲ್ಲಿ ಕುದಿಸಿ. ಒಂದು ಭಾಗಕ್ಕೆ ಬೀಟ್‌ರೂಟ್ ರಸ, ಒಂದು ಭಾಗಕ್ಕೆ ಚಿಟಿಕೆ ಅರಿಶಿನ. ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ಸೋಸಿ, ಬಟ್ಟೆಯ ಮೇಲೆ ನೆರಳಲ್ಲಿ ಎರಡು ದಿನ ಒಣಗಿಸಿ.

ಸುಮಾರು 800 ಗ್ರಾಂ ಕೇಕಿಗೆ: ಮೈದಾ 200 ಗ್ರಾಂ, ಬೆಣ್ಣೆ 150 ಗ್ರಾಂ, ಪುಡಿ ಸಕ್ಕರೆ 150 ಗ್ರಾಂ, ಮೊಟ್ಟೆ 3, ಬೇಕಿಂಗ್ ಪೌಡರ್ 1 ಚಮಚ, ಏಲಕ್ಕಿ ಲವಂಗ ಚಕ್ಕೆ ಪುಡಿ ಅರ್ಧ ಚಮಚ, ದ್ರಾಕ್ಷಿ ಗೋಡಂಬಿ ಟೂಟಿ ಫ್ರೂಟಿ ಸೇರಿ 200 ಗ್ರಾಂ. ಒಣಹಣ್ಣನ್ನು ರಮ್ಮಿನಲ್ಲೇ ನೆನೆಸಬೇಕು ಅಂತೇನೂ ಇಲ್ಲ. ಕಿತ್ತಳೆ ರಸದಲ್ಲಿ ಕುದಿಸಿ, ಆರಿಸಿ, ಒಂದು ರಾತ್ರಿ ಬಿಟ್ಟರೆ ಒಳ್ಳೇ ರುಚಿ. ಹೆಚ್ಚು ದಿನ ಇಡುವುದಾದರೆ ಫ್ರಿಜ್ಜಿನಲ್ಲಿ ಇಡಬೇಕು, ಇಲ್ಲವಾದರೆ ಹುಳಿಯುತ್ತದೆ.

ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. ದಪ್ಪ ಪಾತ್ರೆಯಲ್ಲಿ ಐದಾರು ಚಮಚ ಸಕ್ಕರೆ ಕರಗಿ ಕಾಫಿ ಬಣ್ಣಕ್ಕೆ ಬಂದ ಕೂಡಲೇ ಉರಿ ಆರಿಸಿ, ಕಾಲು ಲೋಟ ಬಿಸಿ ನೀರು ನಿಧಾನವಾಗಿ ಹಾಕಿ. ತಣ್ಣೀರು ಹಾಕಿದರೆ ಜೋರಾಗಿ ಸಿಡಿಯುತ್ತದೆ. ಮಕ್ಕಳನ್ನು ದೂರ ಇಡಿ.

ಬೆಣ್ಣೆ ಸಕ್ಕರೆ ಚೆನ್ನಾಗಿ ತಿಕ್ಕಿ ಬೆಳ್ಳಗೆ ಮಾಡಿ, ಮೊಟ್ಟೆ ಒಂದೊಂದಾಗಿ ಸೇರಿಸಿ, ಆರಿದ ಸಕ್ಕರೆ ಪಾಕ ಹಾಕಿ. ಮೈದಾ, ಬೇಕಿಂಗ್ ಪೌಡರ್ ಜರಡಿ ಹಿಡಿದು ಮೆಲ್ಲಗೆ ಕಲಸಿ. ಹಣ್ಣಿನ ಚೂರಿಗೆ ಸ್ವಲ್ಪ ಮೈದಾ ಹೊರಳಿಸಿ ಕೊನೆಗೆ ಹಾಕಿದರೆ ತಳಕ್ಕೆ ಇಳಿಯುವುದಿಲ್ಲ.

ಹಳೇ ಕುಕ್ಕರ್ ಅಥವಾ ದಪ್ಪ ತಳದ ಪಾತ್ರೆಯಲ್ಲಿ ಒಂದು ಇಂಚು ಉಪ್ಪು ಹರಡಿ, ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ನೀರು ಹಾಕಬಾರದು. ಗ್ಯಾಸ್ಕೆಟ್ ತೆಗೆದಿಡಿ, ವಿಷಲ್ ಹಾಕಬೇಡಿ. ಕೇಕಿನ ಡಬ್ಬಕ್ಕೆ ಬೆಣ್ಣೆ ಸವರಿ, ಹಿಟ್ಟು ಮುಕ್ಕಾಲು ಭಾಗ ಹಾಕಿ ಒಳಗಿಟ್ಟು ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಿ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆದರೆ ಕೇಕು ಕುಸಿಯುತ್ತದೆ. ಕಡ್ಡಿ ಚುಚ್ಚಿದಾಗ ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆ. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ.

ಕರಾವಳಿಯಿಂದ ಬಂದ ಕೊಂಕಣಿ ಕುಟುಂಬದವರು ಹಬ್ಬಕ್ಕೆ ಕುಸ್ವಾರ್ ಮಾಡುತ್ತಾರೆ. ನೆವ್ರಿ, ಕಿಡಿಯೊ, ಗುಲಾಬಿ ಹೂವಿನ ಅಚ್ಚು ತಿಂಡಿ, ಚಕ್ಕುಲಿ ಎಲ್ಲಾ ಸೇರಿದ ತಟ್ಟೆ ಅದು. ನೆವ್ರಿ ಅಂದರೆ ನಮ್ಮ ಕರ್ಜಿಕಾಯಿಯ ತಂಗಿಯೇ. ಕಿಡಿಯೊಗೆ ಮೈದಾ ಚಿರೋಟಿ ರವೆಯ ಹಿಟ್ಟನ್ನು ಗೋಲಿಯಷ್ಟು ತೆಗೆದುಕೊಂಡು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುವುದು. ಒಬ್ಬರೇ ಕೂತರೆ ಬೇಜಾರು. ಸಂಘದ ಐದಾರು ಜನ ಒಂದು ಮನೆಯಲ್ಲಿ ಕೂತರೆ ಎರಡು ಗಂಟೆಯಲ್ಲಿ ಮಾತಿನ ಜೊತೆ ಮುಗಿದೇ ಹೋಗುತ್ತದೆ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ತುಂಬಿದರೆ ಎರಡು ವಾರ ಗರಿಗರಿ.

ಮಾರುವುದಾದರೆ ಲೆಕ್ಕ ಸರಿಯಾಗಿರಲಿ

ಕಲಿತ ಮೇಲೆ ಮಾರುವ ಆಸೆ ಬರುವುದು ಸಹಜ. ಒಳ್ಳೆಯದೇ. ಹತ್ತಿರದಲ್ಲಿ ಹೋಂಸ್ಟೇಗಳಿವೆ. ಬೇಲೂರು ಹಳೇಬೀಡಿನ ದೇವಸ್ಥಾನಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಡಿಸೆಂಬರ್ ರಜೆಯಲ್ಲಿ ಪ್ರವಾಸಿಗರು ಬರುತ್ತಾರೆ. ಆದರೆ ಒಂದು ಲೆಕ್ಕ ನೋಡಿ.

ಒಂದು ಕೇಕಿಗೆ ಸಾಮಾನು 260, ಗ್ಯಾಸ್ 25, ಡಬ್ಬ 15, ಒಟ್ಟು 300 ರೂ. ಆಯ್ತು ಅಂತ ಇಟ್ಟುಕೊಳ್ಳಿ. 350ಕ್ಕೆ ಮಾರಿ 50 ಲಾಭ ಅಂತೀವಿ. ನಾಲ್ಕು ಜನ ಐದು ಗಂಟೆ ಕೂತು ಹತ್ತು ಕೇಕು ಮಾಡಿದರೆ ಲಾಭ 500 ರೂ. ತಲೆಗೆ 125. ಅಷ್ಟು ಹೊತ್ತು ಕಾಫಿ ಕುಯ್ದಿದ್ದರೆ ಇದಕ್ಕಿಂತ ಜಾಸ್ತಿ ಬರುತ್ತಿರಲಿಲ್ಲವೇ? ಹಾಗಾದರೆ ಅದು ಲಾಭ ಅಲ್ಲ, ನಮ್ಮ ದುಡಿಮೆಯನ್ನು ಪುಕ್ಕಟೆ ಕೊಟ್ಟ ಹಾಗೆ. ಅದೇ 420 ರೂ. ಬೆಲೆ ಇಟ್ಟರೆ ತಲೆಗೆ 300 ಸಿಗುತ್ತದೆ. ನಿಮ್ಮ ಊರಿನ ದರ ಹಾಕಿ ನೀವೇ ಕೂಡಿಸಿ ನೋಡಿ. ಕೂಲಿ ಸೇರಿಸದೆ ಬೆಲೆ ಹೇಳಬೇಡಿ. ಮುಂಗಡ ಆರ್ಡರ್ ಬಂದಷ್ಟೇ ಮಾಡಿ, ಉಳಿದರೆ ನಷ್ಟ ನಮ್ಮದೇ.

ತಿಂಡಿ ಮಾರುವವರು ಚಿಕ್ಕವರಾದರೂ 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಬೇಕು. ಪೊಟ್ಟಣದ ಮೇಲೆ ಸಾಮಾನುಗಳ ಹೆಸರು, ತಯಾರಿಸಿದ ದಿನ, ಎಷ್ಟು ದಿನ ಇಡಬಹುದು ಎಂಬುದು ಇರಲಿ. ಮೊಟ್ಟೆ ಹಾಕಿದ ಕೇಕಿಗೆ ಕಂದು ಬಣ್ಣದ ತ್ರಿಕೋನದ ಗುರುತು, ಮೊಟ್ಟೆ ಇಲ್ಲದಿದ್ದರೆ ಹಸಿರು ಚುಕ್ಕೆ. ತಿನ್ನುವವರ ನಂಬಿಕೆಯ ಪ್ರಶ್ನೆ ಇದು. ದ್ರಾಕ್ಷಿ ವೈನ್ ಮಾಡಿ ಮಾರುವ ಯೋಚನೆ ಬೇಡ. ಅದಕ್ಕೆ ಅಬಕಾರಿ ಪರವಾನಗಿ ಬೇಕು, ಇಲ್ಲದಿದ್ದರೆ ಅಪರಾಧ.

ಜನವರಿಯಲ್ಲೇ ಶುರು ಮಾಡಿ

ಮುಂದಿನ ಹಬ್ಬಕ್ಕೆ ಜನವರಿಯ ಮೊದಲ ಸಭೆಯಲ್ಲೇ ಹಬ್ಬದ ನಿಧಿ ತೆಗೆಯಿರಿ. ವಾರಕ್ಕೆ 25 ರೂ. ಹಾಕಿದರೆ 48 ವಾರಕ್ಕೆ 1,200 ರೂ. ಮನೆಯಲ್ಲೇ ಮಾಡುವ ಹಬ್ಬದ ಸಾಮಾನಿಗೆ ಇದು ದೊಡ್ಡ ಆಸರೆ. ಸಾಮಾನ್ಯ ಉಳಿತಾಯದ ಜೊತೆ ಬೆರೆಸದೆ ಪುಸ್ತಕದಲ್ಲಿ ಬೇರೆ ಕಾಲಂ ಬರೆಯಿರಿ. ಕ್ರಿಸ್‌ಮಸ್ ಬೇಡದವರು ಅದನ್ನೇ ಯುಗಾದಿಗೋ, ಗೌರಿ ಹಬ್ಬಕ್ಕೋ ತೆಗೆಯಲಿ. ಸಾಲ ಬೇಕೇ ಬೇಕು ಅಂದರೆ ಸಂಘದ ಒಳಸಾಲವೇ ಮೇಲು, ಆ ಬಡ್ಡಿ ನಮ್ಮ ಸಂಘಕ್ಕೇ ಸೇರುತ್ತದೆ. ಕಿರುಸಾಲ ವಸೂಲಿಯಲ್ಲಿ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ. ಮನೆ ಮುಂದೆ ನಿಂತು ಹೆದರಿಸಿದರೆ ಸುಮ್ಮನಿರಬೇಡಿ, ಪೊಲೀಸರಿಗೆ ದೂರು ಕೊಡಬಹುದು.

ನಾನು ಕೈಯಲ್ಲಿ ಕಟ್ಟಿದ ಮೊದಲ ನಕ್ಷತ್ರದ ಒಂದು ಮೂಲೆ ಗಿಡ್ಡ ಆಗಿತ್ತು. ನಾಚಿಕೆ ಆಯ್ತು. ಮಗ ಮಾತ್ರ ಊರಿಗೆಲ್ಲಾ ಕೈ ತೋರಿಸಿ "ಅದು ನಮ್ಮಮ್ಮ ಮಾಡಿದ್ದು" ಅಂತ ಹೇಳಿಕೊಂಡು ಬಂದ. ಆ ವರ್ಷ ಈಸ್ಟರಿಗೆ ನಾನು ಯಾರಿಗೂ ಬಡ್ಡಿ ಕೊಡಬೇಕಿರಲಿಲ್ಲ.

ಮುಂದಿನ ವಾರದ ಸಭೆಯಲ್ಲಿ ಈ ಲೇಖನವನ್ನು ಒಬ್ಬರು ಗಟ್ಟಿಯಾಗಿ ಓದಿ. ಯಾರ ಮನೆಯಲ್ಲಿ ಬಿದಿರು ಇದೆ, ಯಾರ ಹಿತ್ತಲಲ್ಲಿ ಪಪ್ಪಾಯಿ ಇದೆ, ಯಾರಿಗೆ ಅಚ್ಚು ತಿಂಡಿ ಬರುತ್ತದೆ ಎಂದು ಪಟ್ಟಿ ಮಾಡಿ. ಒಬ್ಬೊಬ್ಬರ ಹತ್ತಿರ ಒಂದೊಂದು ಇರುತ್ತದೆ. ಸೇರಿಸಿದರೆ ಹಬ್ಬ.

ಎಲ್ಲರಿಗೂ ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು.